ಕುಂಟು ಕೋಳಿಯ ನಿದಾನಶಾಸ್ತ್ರ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ಹಿತ್ತಲುಗಳಲ್ಲಿ ತಿಪ್ಪೆ ಕೆದರಿ ತನ್ನ ಹೊಟ್ಟೆಯನ್ನು ತಾನೇ ಹೊರೆದುಕೊಳ್ಳುವ ಜವಾರಿ ಕೋಳಿ, ಎರಡೂ ಕಾಲಿನ ಮೇಲೆ ನೆಟ್ಟಗೆ ನಡೆಯುವವರೆಗೆ ಯಾರ ಗಮನಕ್ಕೂ ಪಾತ್ರವಾಗುವುದಿಲ್ಲ. ಅದು ಒಂದು ಕಾಲನ್ನು ಎಳೆಯತೊಡಗಿದ ದಿನ ಮಾತ್ರ ಓಣಿಯಲ್ಲಿ ಪಶುವೈದ್ಯರ ಸಂಖ್ಯೆ ಏಕಾಏಕಿ ಹೆಚ್ಚುತ್ತದೆ. ಒಬ್ಬರು ದೃಷ್ಟಿ ತಾಗಿದೆ ಎನ್ನುತ್ತಾರೆ, ಮತ್ತೊಬ್ಬರು ನೆರೆಮನೆಯ ಬೆಕ್ಕಿನ ಮೇಲೆ ಆರೋಪ ಹೊರಿಸುತ್ತಾರೆ, ಮೂರನೆಯವರು ತುಟಿ ಬಿಚ್ಚದೆ ಕೋಳಿಯ ಎದೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾರೆ. ಈ ಮೂರನೆಯ ಪಂಥದ ತೀರ್ಮಾನ ಎಂದಿಗೂ ಬದಲಾಗಿಲ್ಲ: "ಇದು ಉಳಿಯೂದಿಲ್ರಿ ಅಕ್ಕಾರ, ಇವತ್ತ ಮಾಡಿಬಿಡ್ರಿ."

ಕುಂಟುವುದು ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಆದ್ದರಿಂದ ಶಾಸ್ತ್ರೀಯ ವಿಚಾರಣೆಯು ಮೊದಲು ಯಜಮಾನನಿಂದಲೇ ಆರಂಭವಾಗುವುದು ನ್ಯಾಯ. ಸಂತೆಯಲ್ಲಿ ಕೊಂಡ ಹೇಂಟೆಯ ಎರಡೂ ಕಾಲುಗಳನ್ನು ಸುತಳಿಯಿಂದ ಬಿಗಿದು, ಬೈಕಿನ ಹ್ಯಾಂಡಲ್ಲಿಗೆ ತಲೆಕೆಳಗಾಗಿ ತೂಗುಹಾಕಿ, ತಗ್ಗುದಿಣ್ಣೆಗಳ ದಾರಿಯಲ್ಲಿ ಊರಿಗೆ ತಂದವನು ಮರುದಿನ ಅದು ಕುಂಟಿದರೆ "ಪೇಟೆಯವ ರೋಗದ ಕೋಳಿ ಕೊಟ್ಟ" ಎಂದು ಬಯ್ಯುವುದುಂಟು. ನಂತರ ಅಂಗಾಲನ್ನು ತಿರುವಿ ನೋಡಬೇಕು. ಘಟಪ್ರಭೆಯ ನೀರುಂಡ ಕಬ್ಬಿನ ಹೊಲಗಳಲ್ಲಿ ಕಟಾವಿನ ಬಳಿಕ ನಿಲ್ಲುವ ಕೂಳೆಯೋ ಜಾಲಿಯ ಮುಳ್ಳೋ ಚುಚ್ಚಿದ ಜಾಗದಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ, ಮೆತ್ತನೆಯ ಅಂಗಾಲಿನ ನಟ್ಟನಡುವೆ ಮೆಣಸಿನ ಕಾಳಿನಷ್ಟು ಕಪ್ಪು ಹಕ್ಕಳೆ ಕಟ್ಟಿ, ಅದರ ಸುತ್ತ ಪಾದ ಬಿಸಿಯಾಗಿ ಊದಿಕೊಳ್ಳುತ್ತದೆ. ಇದಕ್ಕೆ ಬೆಚ್ಚಗಿನ ಉಪ್ಪುನೀರು, ಪೊವಿಡೋನ್ ಅಯೋಡಿನ್, ಬಟ್ಟೆಯ ಪಟ್ಟಿ ಮತ್ತು ಒಣ ನೆಲ ಬಹುಮಟ್ಟಿಗೆ ಸಾಕಾಗುತ್ತವೆ, ಕೀವು ಆಳಕ್ಕಿಳಿದಿದ್ದರೆ ಮಾತ್ರ ದನದ ದವಾಖಾನೆಯ ಹಾದಿ ಹಿಡಿಯಬೇಕಾಗುತ್ತದೆ. ದರ್ಜಿಯ ಮನೆಯ ಕೋಳಿಯಾಗಿದ್ದರೆ ಬೆರಳಿಗೆ ಸುತ್ತಿಕೊಂಡ ನೂಲನ್ನು ಹುಡುಕುವುದು ಅದಕ್ಕಿಂತಲೂ ಮೊದಲಿನ ಕೆಲಸ.

ಪಾದ ಶುದ್ಧವಾಗಿದ್ದರೆ ಸಂಶಯ ಹೊಟ್ಟೆಯತ್ತ ಹೊರಳುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುತ್ತದೆ. ಬರೀ ಗೋವಿನಜೋಳ ತಿಂದ ಹೇಂಟೆ ಅದನ್ನು ತನ್ನ ಎಲುಬಿನಿಂದಲೇ ಸಾಲ ಪಡೆದು ಕೊನೆಗೆ ನಿಲ್ಲಲಾರದೆ ಕುಸಿಯುತ್ತದೆ. ಮರಿಗಳ ಕಾಲ್ಬೆರಳುಗಳು ಒಳಕ್ಕೆ ಮುದುಡಿದ್ದರೆ ಬಿ2 ಜೀವಸತ್ವದ, ಅಂದರೆ ರೈಬೋಫ್ಲೇವಿನ್ನಿನ, ಕೊರತೆಯನ್ನು ಶಂಕಿಸಲಾಗುತ್ತದೆ.

ಇಷ್ಟರವರೆಗಿನದು ಹಗುರವಾದ ಅಧ್ಯಾಯ. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬಿದ್ದ ಎಳೆಗೋಳಿಯನ್ನು ಕಂಡವರು ಮಾರೆಕ್ ರೋಗವನ್ನು ನೆನೆಯಬೇಕು. ಹಂಗೇರಿಯ ಪಶುವೈದ್ಯ ಯೋಝೆಫ್ ಮಾರೆಕ್ 1907ರಲ್ಲಿ ಪಾರ್ಶ್ವವಾಯು ಬಡಿದ ನಾಲ್ಕು ಹುಂಜಗಳನ್ನು ಪರೀಕ್ಷಿಸಿ ವರ್ಣಿಸಿದ ಈ ಕಾಯಿಲೆಗೆ ಹರ್ಪಿಸ್ ಕುಲದ ವೈರಸ್ ಕಾರಣವಾಗಿದ್ದು, ಅದು ಪುಕ್ಕದ ಹೊಟ್ಟಿನೊಂದಿಗೆ ಗಾಳಿಯಲ್ಲಿ ಹರಡಿ, ತೊಡೆಯ ನರವನ್ನು ದಪ್ಪಗೊಳಿಸುತ್ತದೆ. ಇದಕ್ಕೆ ಮದ್ದಿಲ್ಲ, ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಬೇಕು, ಹ್ಯಾಚರಿಯ ಮರಿಗೆ ಆ ಅನುಕೂಲವುಂಟು, ಹಿತ್ತಲಿನ ಬುಟ್ಟಿಯಲ್ಲಿ ಕಾವು ಕೂತ ತಾಯಿಯಡಿ ಕಣ್ಣುಬಿಟ್ಟ ಜವಾರಿ ಮರಿಗೆ ಅದು ಎಟುಕುವುದಿಲ್ಲ.

ಕಾಲಿನ ಜೊತೆ ಕುತ್ತಿಗೆಯೂ ತಿರುಚಿ, ಹಿಕ್ಕೆ ಹಸಿರು ನೀರಾಗಿ, ಗೂಡಿನಲ್ಲಿ ಒಂದರ ಹಿಂದೊಂದು ಕೋಳಿ ತೂಕಡಿಸತೊಡಗಿದರೆ ಅದು ಕೊಕ್ಕರೆ ರೋಗವಿರಬಹುದು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಕುಮಾವೂಂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಲ್ಪಟ್ಟಿದ್ದರಿಂದ ಭಾರತದ ವೈದ್ಯರು ಇದನ್ನು ಆ ಊರಿನ ಹೆಸರಿನಿಂದಲೂ, ಆಂಗ್ಲರು ತಮ್ಮ ನ್ಯೂಕಾಸಲ್ ಊರಿನ ಹೆಸರಿನಿಂದಲೂ ಕರೆಯುತ್ತಾರೆ. ಇಂಥ ಕೀರ್ತಿಯನ್ನು ಎರಡೂ ಊರುಗಳು ಬೇಡಿರಲಿಲ್ಲ. ಇದಕ್ಕೆ ಮೊದಲ ವಾರದಲ್ಲಿ ಕಣ್ಣಿಗೆ ಹಾಕುವ ಲಸೋಟಾ ಹನಿಯೂ, ಎಂಟು ವಾರದ ಸುಮಾರಿಗೆ ರೆಕ್ಕೆಯ ಚರ್ಮದಡಿ ಚುಚ್ಚುವ ಆರ್2ಬಿ ಲಸಿಕೆಯೂ ಇವೆ. ತೊಡಕು ಬೇರೆಡೆಯಿದೆ. ಲಸಿಕೆಯ ಶೀಶೆ ನೂರಾರು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಒಮ್ಮೆ ಕಲಸಿದರೆ ಹಿಮದಲ್ಲಿಟ್ಟುಕೊಂಡು ಒಂದೆರಡು ತಾಸಿನೊಳಗೆ ಮುಗಿಸಬೇಕು, ಆದರೆ ಒಂದು ಮನೆಯಲ್ಲಿರುವುದು ಎಂಟೋ ಹತ್ತೋ ಕೋಳಿ. ಹೀಗಾಗಿ ಬಾವಿಕಟ್ಟೆಯ ಜಗಳದಿಂದ ಮಾತು ಬಿಟ್ಟ ಮನೆಗಳವರೂ ಒಂದೇ ಹೊತ್ತಿಗೆ ಒಪ್ಪಬೇಕಾಗುತ್ತದೆ. ಕೋಳಿಗಳ ಒಪ್ಪಿಗೆ ಇನ್ನೂ ಕಠಿಣ. ಹಗಲಿನಲ್ಲಿ ಅವುಗಳನ್ನು ಹಿಡಿಯಹೋದವರು ಬೇಲಿಯಲ್ಲಿ ಧೋತರ ಬಿಟ್ಟು ಬರುವುದರಿಂದ, ಅವು ಗೂಡು ಸೇರಿದ ಮೇಲೆ, ಒಬ್ಬರು ಬ್ಯಾಟರಿ ಹಿಡಿದು, ಇನ್ನೊಬ್ಬರು ರೆಕ್ಕೆ ಅಗಲಿಸಿ, ಮೂರನೆಯವರು ಸೂಜಿ ಹಿಡಿದು ನಡೆಸುವ ಇರುಳಿನ ಕಾರ್ಯಾಚರಣೆಯೇ ರೂಢಿಗೆ ಬಂದಿದೆ. ಅದರಲ್ಲಿಯೂ ಒಂದೇ ಹೇಂಟೆಗೆ ಎರಡು ಸಲ ಚುಚ್ಚಿ, ಪಕ್ಕದ ಹುಂಜವನ್ನು ಮರೆಯುವುದು ಅಪರೂಪವಲ್ಲ.

ಕುಂಟುವ ಕೋಳಿಯನ್ನು ಬೇರೆ ಬುಟ್ಟಿಯಡಿ ಮುಚ್ಚಿ, ನೀರು ಕಾಳುಗಳನ್ನು ಕೊಕ್ಕಿನ ಅಳತೆಯಲ್ಲಿಟ್ಟು, ಮೊದಲು ಗಟ್ಟಿ ಕೋಳಿಗಳಿಗೂ ಆಮೇಲೆ ಅದಕ್ಕೂ ಮೇವು ಹಾಕಿ ಕೈ ತೊಳೆಯುವುದು ಖರ್ಚಿಲ್ಲದ ಚಿಕಿತ್ಸೆ. ಇಷ್ಟು ಸುಲಭವಿದ್ದುದರಿಂದಲೇ ಇರಬೇಕು, ಅದನ್ನು ಮಾಡುವವರು ಕಡಿಮೆ. "ಸಾಯೂಕಿಂತ ಮೊದಲ ಸಂತಿಗೆ ಒಯ್ದು ಬಿಡು" ಎಂಬ ವ್ಯವಹಾರಜ್ಞಾನವೇ ರೋಗವನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಬಾಡಿಗೆಯಿಲ್ಲದೆ ಸಾಗಿಸುತ್ತದೆ. ಮಾರಿದವನು ಮುಂದಿನ ವಾರ ಅದೇ ಸಂತೆಯಲ್ಲಿ ಹೊಸ ಕೋಳಿ ಕೊಳ್ಳುವಾಗ, ಎದುರಿನವನೂ ತನ್ನಷ್ಟೇ ಜಾಣನಿರಬಹುದೆಂದು ಯೋಚಿಸುವುದಿಲ್ಲ.

ಕೋಳಿಗಳು ಹಠಾತ್ತನೆ ಗುಂಪುಗುಂಪಾಗಿ ಸತ್ತರೆ, 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ 2012ರಲ್ಲಿ ಬೆಂಗಳೂರಿನ ಹೆಸರಘಟ್ಟದಲ್ಲಿಯೂ ಕಂಡ ಹಕ್ಕಿಜ್ವರದ ಸಂಶಯ ಬರುವುದರಿಂದ, ಸತ್ತವುಗಳನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸಿ ಅವರನ್ನೇ ಕರೆಸಬೇಕು. ಒಂಟಿ ಕೋಳಿ ಸತ್ತ ಸಾಮಾನ್ಯ ಪ್ರಸಂಗದಲ್ಲಿ ವೈದ್ಯರು ಶವಪರೀಕ್ಷೆ ಬೇಕೆಂದರೆ, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಮದೊಂದಿಗೆ ಡಬ್ಬಿಯಲ್ಲಿಟ್ಟು ಒಯ್ಯಬೇಕಾಗುತ್ತದೆ. ನಮ್ಮ ಸಾರಿಗೆ ಬಸ್ಸುಗಳಲ್ಲಿ ಜೀವಂತ ಕೋಳಿಗೆ ಅರ್ಧ ಟಿಕೆಟ್ ಹರಿದ ಸಂಗತಿ ಪತ್ರಿಕೆಗಳಲ್ಲಿ ಬಂದದ್ದುಂಟು. ಡಬ್ಬಿಯೊಳಗಿನದು ಪ್ರಯಾಣಿಕನೋ ಸಾಮಾನೋ ಎಂಬ ಪ್ರಶ್ನೆಯನ್ನು ಕಂಡಕ್ಟರರ ವಿವೇಚನೆಗೆ ಬಿಟ್ಟು, ಚಿಲ್ಲರೆ ಸಿದ್ಧವಾಗಿಟ್ಟುಕೊಳ್ಳುವುದು ಲೇಸು.