ನಿವೃತ್ತರಾದ ಮೂವತ್ತೈದು ಅಂಕಗಳ ಸಾಹೇಬರಿಗೆ

ಇವರಿಂದ: ಒಬ್ಬ ಮೆಣಸಿನಕಾಯಿ ದಲಾಲ, ಎಪಿಎಂಸಿ ಯಾರ್ಡ್, ಬ್ಯಾಡಗಿ, ಹಾವೇರಿ ಜಿಲ್ಲೆ.
ಇವರಿಗೆ: ಮಾನ್ಯ ಮೂವತ್ತೈದು ಅಂಕಗಳವರು, ಇಂಗ್ಲಿಷ್ ದ್ವಿತೀಯ ಭಾಷೆ, ಎಸ್ಸೆಸ್ಸೆಲ್ಸಿ.
ವಿಷಯ: ತಮ್ಮ ನಿವೃತ್ತಿಗೆ ಅಭಿನಂದನೆ ಹಾಗೂ ಚಾರ್ಜ್ ಒಪ್ಪಿಸುವ ಮುಂಚೆ ನಾಲ್ಕು ಮಾತು.

ಮಾನ್ಯರೆ,

2025ರ ಅಕ್ಟೋಬರಿನಲ್ಲಿ ಸರ್ಕಾರ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಿದ ಸುದ್ದಿ ಅಂಗಡಿಯಲ್ಲಿ ಕೂತು ಪೇಪರ್ ಓದುವಾಗ ತಿಳಿಯಿತು. ಇನ್ನು ಒಟ್ಟು 625ಕ್ಕೆ 206 ಬಂದರೆ ಪಾಸು, ಅಂದರೆ ಶೇ 33. ಒಂದೊಂದು ವಿಷಯಕ್ಕೆ 30 ಇದ್ದರೂ ನಡೆಯುತ್ತದಂತೆ. ಎಷ್ಟು ತಲೆಮಾರುಗಳನ್ನು ದಡ ಹತ್ತಿಸಿದಿರಿ, ಎಷ್ಟು ಹುಡುಗಿಯರ ಮದುವೆಯನ್ನು ಒಂದು ವರ್ಷ ಮುಂದೆ ಹಾಕಿಸಿದಿರಿ! ಒಂದು ಬೀಳ್ಕೊಡುಗೆ ಸಮಾರಂಭವನ್ನಾದರೂ ಮಾಡಬೇಡವೇ? ನಮ್ಮ ಜಿಲ್ಲೆಯಲ್ಲಂತೂ ಹಾರಕ್ಕೆ ಬರವಿಲ್ಲ. ಹಾವೇರಿಯ ಏಲಕ್ಕಿ ಹಾರ ತಮ್ಮ ಕೊರಳಿಗೆ ಬೀಳಲೇಬೇಕು ಎಂದು ನಾನು ವಾದಿಸಿದೆ. "ಕೊರಳು ಎಲ್ಲೈತ್ರೀ ಅದಕ್ಕ?" ಎಂದು ನಮ್ಮ ಗುಮಾಸ್ತ ಕೇಳಿದ್ದರಿಂದ ಆ ವಿಚಾರ ಅಲ್ಲಿಗೇ ನಿಂತಿತು.

ನಾನು ಮೇಷ್ಟ್ರಲ್ಲ. ಆದರೂ ಬಾಯಿ ಹಾಕುತ್ತಿದ್ದೇನೆ, ಯಾಕೆಂದರೆ ಅಳೆಯುವುದೇ ನನ್ನ ಕಸುಬು. ಸೋಮವಾರ ಮತ್ತು ಗುರುವಾರ ನಮ್ಮ ಮಾರುಕಟ್ಟೆಗೆ ಬಂದು ನೋಡಿ. ಕಣ್ಣು ಹಾಯುವಷ್ಟು ದೂರ ಕೆಂಪು ರಾಶಿ, ಚೀಲ, ಸೀನು. ಖರೀದಿದಾರರು ಲಾಟಿನಿಂದ ಲಾಟಿಗೆ ತಿರುಗಿ ಕಾಯಿ ಮುರಿದು ನೋಡುತ್ತಾರೆ, ಹಿಡಿಯಲ್ಲಿ ಹಿಂಡಿ ಒಣಗಿದೆಯೋ ಹಸಿ ಉಳಿದಿದೆಯೋ ಅಂದಾಜು ಮಾಡುತ್ತಾರೆ, ಆಮೇಲೆ ಇ-ಟೆಂಡರಿನಲ್ಲಿ ದರ ಬರೆಯುತ್ತಾರೆ. ಅಷ್ಟಕ್ಕೂ ಸಮಾಧಾನವಾಗದ ಕಂಪನಿಗಳು ಮಾದರಿಯನ್ನು ಲ್ಯಾಬಿಗೆ ಕಳಿಸುತ್ತವೆ. ಅಲ್ಲಿ ಪುಡಿಯನ್ನು ಅಸಿಟೋನಿನಲ್ಲಿ ನೆನೆಸಿ, 460 ನ್ಯಾನೋಮೀಟರ್ ಬೆಳಕು ಹಾಯಿಸಿ, ಬಣ್ಣ ಎಷ್ಟು ಎಂದು ಆಸ್ಟಾ ಲೆಕ್ಕದಲ್ಲಿ ಕೊಡುತ್ತಾರೆ. ಅಮೆರಿಕದ ಮಸಾಲೆ ವ್ಯಾಪಾರಿಗಳ ಸಂಘದ ಹೆಸರಿನ ಅಳತೆ ಅದು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಲಿಪ್‌ಸ್ಟಿಕ್ಕಿನವರೆಗೂ ಹೋಗುವ ಅದರ ದೊಡ್ಡಸ್ತಿಕೆಯೆಲ್ಲ ಬಣ್ಣದ್ದು. ಖಾರ ಕಡಿಮೆ. ಅದನ್ನು ನಾವು ಯಾರಿಂದಲೂ ಮುಚ್ಚಿಟ್ಟಿಲ್ಲ. ಬಣ್ಣ ಅಳೆದು ಚೀಟಿಯಲ್ಲಿ ಖಾರ ಎಂದು ಬರೆದರೆ ಗುಂಟೂರಿನವರು ನಮ್ಮನ್ನು ಮಾರುಕಟ್ಟೆಯಲ್ಲಿ ನಿಲ್ಲಗೊಡುತ್ತಾರೆಯೇ?

ಖಾರಕ್ಕೆ ಬೇರೆಯದೇ ಅಳತೆಯಿದೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿಗೆ ಬೆರೆಸಿ, ಖಾರ ಮಾಯವಾಗುವವರೆಗೂ ತೆಳುವು ಮಾಡುತ್ತ ಮನುಷ್ಯರ ನಾಲಗೆಗೆ ಕೊಟ್ಟು ಅಳೆದ. ಖಾರ ತಿಳಿಯಲು ನಾಲಗೆ ಬೇಕು ಎನ್ನುವಷ್ಟು ವ್ಯವಹಾರಜ್ಞಾನ ಅವನಿಗಿತ್ತು. ತಮ್ಮ ಪ್ರಶ್ನೆಪತ್ರಿಕೆಯಲ್ಲಿ ಲಿಖಿತಕ್ಕೆ 80 ಅಂಕ. ಆ ಮೂರು ತಾಸು ಇಂಗ್ಲಿಷ್ ಪರೀಕ್ಷೆ ಬರೆಯುವ ಮಗು ಬಾಯಿ ಬಿಟ್ಟರೆ ಕೊಠಡಿ ಮೇಲ್ವಿಚಾರಕರು ಗದರಿಸುತ್ತಾರೆ.

ಸಾಹೇಬರೆ, ತಮ್ಮ ಆಡಳಿತದ ಶ್ರೇಷ್ಠ ಕೊಡುಗೆ ಪಾಸಿಂಗ್ ಪ್ಯಾಕೇಜ್. ಇದನ್ನು ಕಂಡುಹಿಡಿದವರಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡದಿರುವುದು ಅನ್ಯಾಯ. ಇಡೀ ಭಾಷೆಯನ್ನು ಹಿಂಡಿ, ಸಿಪ್ಪೆ ಬೀಜ ತೆಗೆದು, ಹತ್ತು ಹಾಳೆಗೆ ಇಳಿಸುವುದೆಂದರೆ ಸುಮ್ಮನೆ ಮಾತೇ? ಒಂದು ಪದ್ಯ ಬಾಯಿಪಾಠ. ಕಾಗುಣಿತ ಸರಿಯಿದ್ದರೆ ಸಾಕು, ಕವಿ ಏನು ಹೇಳಿದ ಎಂಬುದು ಅವನ ಖಾಸಗಿ ವಿಷಯ. ಕೊಟ್ಟ ಸುಳಿವುಗಳ ನಡುವೆ ಈಸ್, ವಾಸ್ ಸಿಕ್ಕಿಸಿದರೆ ಒಬ್ಬ ಮಹನೀಯರ ಪರಿಚಯ ತಯಾರು. ಚಿತ್ರ ಕೊಟ್ಟರೆ 'ದಿಸ್ ಈಸ್ ಎ ಪಿಕ್ಚರ್' ಎಂದು ಶುರು ಮಾಡುವುದು, ಅದು ಸಂತೆಯದಾಗಲಿ ಸಮುದ್ರದ್ದಾಗಲಿ. ಇನ್ನು ಪತ್ರಲೇಖನ. ಎಡಕ್ಕೆ ವಿಳಾಸ, ಕೆಳಗೆ ಸಹಿ, ಮಧ್ಯದಲ್ಲಿ ಜ್ವರ. ನಮ್ಮ ಜಿಲ್ಲೆಯ ಮಕ್ಕಳಿಗೆ ಕನ್ನಡದಲ್ಲಿ ನೆಗಡಿ, ಕೆಮ್ಮು, ಹೊಟ್ಟೆನೋವು ಎಲ್ಲವೂ ಬರುತ್ತವೆ. ಇಂಗ್ಲಿಷಿನಲ್ಲಿ ಮಾತ್ರ ಎಲ್ಲರಿಗೂ ಜ್ವರ, ಅದೂ ಎರಡೇ ದಿನ.

ನನ್ನ ತಂಗಿಯ ಮಗನಿಗೆ ಇಂಗ್ಲಿಷಿನಲ್ಲಿ 87 ಬಂತು. ಪೇಢೆ ಹಂಚಿದೆವು. ಮರುವಾರ ಕೊಚ್ಚಿಯ ಒಂದು ಕಂಪನಿಯಿಂದ ಲ್ಯಾಬ್ ರಿಪೋರ್ಟ್ ಬಂತು, ಜೊತೆಗೆ ಐದಾರು ಸಾಲಿನ ಪತ್ರ. ಹುಡುಗನನ್ನು ಕರೆದು ಓದಿಸಿದೆ. ಎಷ್ಟು ಚಂದ ಓದಿದನೆಂದರೆ ಹಮಾಲರು ಚೀಲ ಇಳಿಸಿ ನಿಂತು ಕೇಳಿದರು. "ಅಲ್ಲೋ, ಮಾಲು ತಗೋತಾರಂತೋ, ವಾಪಸ್ ಕಳಸ್ತಾರಂತೋ?" ಎಂದೆ. ಹುಡುಗ ಹಾಳೆ ತಿರುವಿ ಹಿಂದೆ ನೋಡಿದ. "ಕೆಳಗ ಪ್ರಶ್ನೆ ಕೊಟ್ಟಿಲ್ಲಲ್ಲ ಮಾಮಾ" ಎಂದ. ಅವನ ತಪ್ಪೇನಿದೆ? ಹತ್ತು ವರ್ಷ ಅವನಿಗೆ ಇಂಗ್ಲಿಷ್ ಎಂದರೆ ಕೆಳಗೆ ಪ್ರಶ್ನೆಗಳಿರುವ ಹಾಳೆ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುತ್ತಾರೆ; ಅದಕ್ಕೂ ಮುಂಚೆ ಐದರಿಂದ ಇತ್ತು. ಕಲಿಯುವ ವರ್ಷಗಳನ್ನು ಹಿಗ್ಗಿಸಿದರು, ತಮ್ಮನ್ನು ಕುಗ್ಗಿಸಿದರು. ಲೆಕ್ಕ ಎಲ್ಲೋ ಸಮವಾಗಿರಬೇಕು.

ಅಳೆಯುವುದು ಕಡಿಮೆಯಾಯಿತೆಂದು ಮಾತ್ರ ಯಾರೂ ದೂರುವಂತಿಲ್ಲ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ. ಹತ್ತನೆಯವರಿಗೆ ಒಂದೊಂದು 50 ಅಂಕದ್ದು, ಆ 200ನ್ನು ಇಳಿಸಿದರೆ ಆಂತರಿಕ 20. ಅದರ ಮೇಲೆ ಸರಣಿ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ. 2025ರಲ್ಲಿ ಪ್ರತಿ ಪಾಠ ಮುಗಿದ ಮೇಲೂ ಒಂದು ಮೌಲ್ಯಾಂಕನ ಎಂಬ ಹೊಸ ಪದ್ಧತಿ ಬಂತು. ಎಲ್ಲವನ್ನೂ ಆನ್‌ಲೈನಿನಲ್ಲಿ ತುಂಬಬೇಕು, ಸರ್ವರ್ ಮನಸ್ಸು ಮಾಡಿದರೆ. ಆ ನಾಲ್ಕು ರೂಪಣಾತ್ಮಕಗಳೊಳಗೆ ಕೇಳುವುದು, ಮಾತಾಡುವುದು ಎಂಬ ಕಾಲಮ್ಮುಗಳೂ ಇವೆಯಂತೆ. ಪರಿಚಯದ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದೆ. "ಮಾತಾಡ್ಸೂಕ ಟೈಮ್ ಎಲ್ಲೈತ್ರೀ, ಮಾತಾಡಿದ್ರು ಅಂತ ತುಂಬೂದ್ರಾಗ ಸಾಕಾಗ್ತೈತಿ" ಎಂದರು. ಆಂತರಿಕದಲ್ಲಿ 20ಕ್ಕೆ 18 ಸಿಗದ ಮಗುವನ್ನು ನಾನಿನ್ನೂ ಕಂಡಿಲ್ಲ. ಮೇಷ್ಟ್ರು ಉದಾರಿಗಳೆಂದಲ್ಲ. ಫಲಿತಾಂಶ ಬಿದ್ದರೆ ನೋಟಿಸು ಬರುವುದು ಅವರಿಗೇ, ಅಂಕ ಕೊಡಬೇಕಾದವರೂ ಅವರೇ. ನಮ್ಮ ಯಾರ್ಡಿನಲ್ಲಿ ಮಾಲು ತಂದವನ ಕೈಗೇ ತಕ್ಕಡಿ ಕೊಟ್ಟು, ತೂಕ ಕಡಿಮೆ ಬಂದರೆ ನಿನಗೇ ದಂಡ ಎಂದರೆ ಯಾವ ಚೀಲವೂ ಒಂದು ಗ್ರಾಂ ಕಡಿಮೆ ತೂಗುವುದಿಲ್ಲ.

2024ರ ಮಾರ್ಚ್ ನೆನಪಿದೆಯೇ? ಆ ತಿಂಗಳು 11ರಂದು ದರ ಒಮ್ಮೆಲೇ ಕುಸಿಯಿತೆಂದು ಸಿಟ್ಟಿಗೆದ್ದ ರೈತರು ಎಪಿಎಂಸಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅದೇ ತಿಂಗಳು 25ಕ್ಕೆ ತಮ್ಮ ಪರೀಕ್ಷೆ ಶುರುವಾಯಿತು, ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಬಂತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಬರೀ ನೋಡುವ ಕಣ್ಣೊಂದು ಬಂದದ್ದಕ್ಕೆ ಇಷ್ಟು! ನಮ್ಮ ಮೆಣಸಿನಕಾಯಿಗೂ ಕ್ವಿಂಟಲಿಗೆ ಇಷ್ಟು ಎಂದು ಕೃಪಾಂಕ ಕೊಟ್ಟಿದ್ದರೆ ಬೆಂಕಿಯ ಮಾತೇ ಇರುತ್ತಿರಲಿಲ್ಲ. ಕೃಷಿ ಇಲಾಖೆಯವರಿಗೆ ಶಿಕ್ಷಣ ಇಲಾಖೆಯ ಕಲ್ಪನಾಶಕ್ತಿ ಇಲ್ಲ, ಏನು ಮಾಡುವುದು.

ಇದನ್ನೆಲ್ಲ ಓದಿ ರಾಣೆಬೆನ್ನೂರಿನ ನಮ್ಮ ಬೀಗರು ನಗುತ್ತಾರೆ. ಅವರ ಮೊಮ್ಮಗ ಇಂಗ್ಲಿಷ್ ಮೀಡಿಯಂ. ಬೆಳಿಗ್ಗೆ ಹಳದಿ ವ್ಯಾನು, ಟೈ, ಬೂಟು. ಅಲ್ಲಿ ಪ್ರಗತಿ ಅಳೆಯುವ ವಿಧಾನ ಇನ್ನೂ ಸರಳ: ಅಜ್ಜಿಯೊಡನೆ ಮಾತಾಡುವುದನ್ನು ಮಗು ಎಷ್ಟು ಬೇಗ ಬಿಟ್ಟಿತು ಎಂಬುದರ ಮೇಲೆ. ಫೀ ರಸೀದಿಯೇ ಮಾರ್ಕ್ಸ್ ಕಾರ್ಡ್. ಹೆಚ್ಚು ಹೇಳಲಾರೆ, ಬೀಗರು.

ಲೋಕದಲ್ಲಿ ಬೇರೆ ತಕ್ಕಡಿಗಳೇ ಇಲ್ಲವೆಂದಲ್ಲ. ಯುರೋಪ್ ಕೌನ್ಸಿಲ್ 2001ರಲ್ಲಿ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು ಮಾಡಿತು. ಕೆಳಗಿನ ಮೊದಲ ಮೆಟ್ಟಿಲಿನಲ್ಲೇ ಕೇಳುವುದೇನು ಗೊತ್ತೇ? ಎದುರಿನವರು ನಿಧಾನವಾಗಿ ಮಾತಾಡಿದರೆ ನಿನ್ನ ಪರಿಚಯ ಹೇಳಬಲ್ಲೆಯಾ, ಎಲ್ಲಿರುತ್ತೀಯ ಎಂದರೆ ಉತ್ತರ ಕೊಡಬಲ್ಲೆಯಾ ಎಂದು. ನಿಧಾನವಾಗಿ ಎಂಬ ಆ ಒಂದು ಷರತ್ತಿನಲ್ಲಿರುವ ಮರ್ಯಾದೆ ನಮ್ಮ ಯಾವ ಸುತ್ತೋಲೆಯಲ್ಲೂ ಇಲ್ಲ. ಅಷ್ಟು ದೂರ ಯಾಕೆ, ನಮ್ಮ ದೇಶದ 'ಅಸರ್' ಸಮೀಕ್ಷೆಯವರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಒಂದು ಹಾಳೆ ಹಿಡಿದು ಮಗುವಿನ ಪಕ್ಕ ಕೂರುತ್ತಾರೆ. 2022ರಲ್ಲಿ ದೇಶದ ಐದನೇ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಿದವರು ಶೇ 24.5. ಮರುವರ್ಷ 14ರಿಂದ 18ರ ವಯಸ್ಸಿನವರನ್ನು ನೋಡಿದಾಗ ಓದಿದವರು ಶೇ 57.3, ಓದಿದ್ದರ ಅರ್ಥ ಏನು ಎಂದು ಕೇಳಿದರೆ ಅವರಲ್ಲೂ ಮುಕ್ಕಾಲು ಪಾಲಿನವರು ಮಾತ್ರ ಹೇಳಿದರು. ಈ ಅಂಕಿಗಳು ಚಂದವಿಲ್ಲ. ಆದರೆ ಅಳೆಯಲು ಹೋದವನಿಗೂ ಆ ಮಗುವಿಗೂ ನಡುವೆ ನೋಟಿಸಿನ ಭಯವಿರಲಿಲ್ಲವಾದ್ದರಿಂದ ನಾನು ನಂಬುತ್ತೇನೆ.

ನಮ್ಮ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಪ್ರಥಮ ದರ್ಜೆ ತಂದರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾದರು, ಆಮೇಲೆ ಅವರ ಸಮಿತಿಯೇ ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಲಿ ಎಂದಿತು. ಇಂಗ್ಲಿಷಿನ ಮೇಲೆ ಭಯವಾಗಲಿ ಭಕ್ತಿಯಾಗಲಿ ಇಲ್ಲದ, ಅದನ್ನು ಚೆನ್ನಾಗಿ ಬಲ್ಲ ಮನುಷ್ಯ ಮಾತ್ರ ಹಾಗೆ ಹೇಳಬಲ್ಲ. ಎಫ್‌ಎ-1, ಎಫ್‌ಎ-2 ತುಂಬುವವರಿಲ್ಲದೆ ಅವರು ಇಷ್ಟೆಲ್ಲ ಹೇಗೆ ಮಾಡಿದರೋ, ತನಿಖೆಯಾಗಬೇಕು.

ಈಗ ನನ್ನ ಅರ್ಜಿ. ತಾವಂತೂ ಬಿಡುವಾಗಿದ್ದೀರಿ. ತಮ್ಮ ಜಾಗಕ್ಕೆ ಬಂದಿರುವ 33ರವರನ್ನು ಒಂದು ಗುರುವಾರ ಕರೆದುಕೊಂಡು ನಮ್ಮ ಅಂಗಡಿಗೆ ಬನ್ನಿ. ಹುಬ್ಬಳ್ಳಿ ಕಡೆಯಿಂದಾದರೆ ಹಾವೇರಿ ದಾಟಿದ ಮೇಲೆ ಬ್ಯಾಡಗಿ ಸ್ಟೇಷನ್. ರಾಣೆಬೆನ್ನೂರು ಬಂತೆಂದರೆ ಮುಂದೆ ಹೋದಿರಿ ಎಂದರ್ಥ. ಹತ್ತನೆಯ ತರಗತಿಯ ನಾಲ್ಕು ಮಕ್ಕಳನ್ನು ನಾನು ಕೂರಿಸಿರುತ್ತೇನೆ. ಕೊಚ್ಚಿಯ ಖರೀದಿದಾರರಿಗೆ ಫೋನು ಹಚ್ಚಿಕೊಡುತ್ತೇನೆ. ಮಾಲು ಎಷ್ಟಿದೆ, ದರ ಏನು, ಲಾರಿ ಯಾವಾಗ ಎಂದು ಮಕ್ಕಳು ಇಂಗ್ಲಿಷಿನಲ್ಲಿ ಕೇಳಿ ನನಗೆ ಕನ್ನಡದಲ್ಲಿ ಹೇಳಲಿ. ತಪ್ಪು ವ್ಯಾಕರಣಕ್ಕೆ ಅಂಕ ಕಳೆಯುವಂತಿಲ್ಲ. ಲಾರಿ ತಪ್ಪು ದಿನ ಬಂದರೆ ಮಾತ್ರ ಫೇಲು. ಚಹಾ, ಮಂಡಕ್ಕಿ, ಮಿರ್ಚಿ ನನ್ನ ಖರ್ಚು. ಟಿಎ ಬಿಲ್ಲಿಗೆ ಇಲಾಖೆಯನ್ನೇ ಕೇಳಿಕೊಳ್ಳಿ.

ಇಂತಿ ತಮ್ಮ ವಿಶ್ವಾಸಿ,
ಗಣಿತಕ್ಕೂ ಇಂಗ್ಲಿಷಿಗೂ ತಮ್ಮಿಂದಲೇ ಪಾರಾದ ಒಬ್ಬ ದಲಾಲ