ಹೊಸ ಹೊಟ್ಟೆಯ ಬಳಕೆದಾರರ ಕೈಪಿಡಿ (ಬಿಯರ್ ಅಧ್ಯಾಯ)

ಅಭಿನಂದನೆಗಳು. ತೂಕ ಇಳಿಸುವ ಸರ್ಜರಿ ಮಾಡಿಸಿಕೊಂಡು ಹೊಸ ಹೊಟ್ಟೆಯ ಮಾಲೀಕರಾಗಿದ್ದೀರಿ. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಮಿಕ್ಸಿ ಜೊತೆ ಬಂದ ಪುಸ್ತಕವನ್ನು ಬಿಚ್ಚಿಯೂ ನೋಡದೆ ಅಟ್ಟಕ್ಕೆ ಎಸೆದವರು ನೀವು, ಗೊತ್ತು. ಮಿಕ್ಸಿ ಕೆಟ್ಟರೆ ಇನ್ನೊಂದು ತರಬಹುದು.

ಈ ಅಧ್ಯಾಯ ಬಿಯರಿಗೆ ಮಾತ್ರ ಸಂಬಂಧಿಸಿದ್ದು. ಮುದ್ದೆ, ಬಿರಿಯಾನಿ, ಮದುವೆಮನೆ ಊಟ ಇವಕ್ಕೆ ಬೇರೆ ಅಧ್ಯಾಯಗಳಿವೆ. ಅವನ್ನು ಓದಲು ಇನ್ನೂ ಗಟ್ಟಿ ಮನಸ್ಸು ಬೇಕು.

ನಿಮ್ಮ ಮಾದರಿ ಯಾವುದು?

ಸಾಮಾನ್ಯವಾಗಿ ಎರಡರಲ್ಲೊಂದು. ಸ್ಲೀವ್ ಆಗಿದ್ದರೆ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ಕತ್ತರಿಸಿ ಹೊರಗೆ ತೆಗೆದಿದ್ದಾರೆ. ಉಳಿದದ್ದು ಬಾಳೆಹಣ್ಣಿನಂಥ ಕೊಳವೆ, ಮೊದಮೊದಲು ಹಿಡಿಸುವುದು 100ರಿಂದ 150 ಎಂಎಲ್. ಬೈಪಾಸ್ ಆಗಿದ್ದರೆ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್‌ನ ಪುಟ್ಟ ಚೀಲ ಬಿಟ್ಟು, ಅದನ್ನು ಸಣ್ಣ ಕರುಳಿಗೆ ನೇರವಾಗಿ ಜೋಡಿಸಿದ್ದಾರೆ. ಬೈಪಾಸ್ ಎಂದ ಕೂಡಲೇ ಕೇಳಿದವರು ಎದೆ ಮುಟ್ಟಿಕೊಂಡು, "ಅಯ್ಯೋ, ಹಾರ್ಟಿಗಾ?" ಎನ್ನುತ್ತಾರೆ. ತಿದ್ದಲು ಹೋಗಬೇಡಿ. ಹಾರ್ಟ್ ಪೇಷೆಂಟಿಗೆ ಯಾರೂ ಗ್ಲಾಸ್ ತುಂಬಿಸಿ ಒತ್ತಾಯ ಮಾಡುವುದಿಲ್ಲ. ಹೊಟ್ಟೆ ಸಣ್ಣ ಮಾಡಿಸಿಕೊಂಡವನಿಗೆ ಮಾಡುತ್ತಾರೆ.

ಬಾರಿನಲ್ಲಿ ಸಿಗುವ ದೊಡ್ಡ ಬಾಟಲಿ 650 ಎಂಎಲ್. ಬಾಟಲಿ ಮತ್ತು ಹೊಟ್ಟೆ ಇವೆರಡರ ಲೆಕ್ಕ ಕೂಡುವುದಿಲ್ಲ ಎಂಬುದಕ್ಕೆ ಇಂಜಿನಿಯರಿಂಗ್ ಓದಿರಬೇಕಿಲ್ಲ. ಆಪರೇಷನ್ ಆದಮೇಲೆ ಆಸ್ಪತ್ರೆಯಲ್ಲಿ ನಿಮ್ಮ ಕೈಗೆ ಕೊಡುವ ಪ್ಲಾಸ್ಟಿಕ್ ಕಪ್ಪು ನೋಡಿ, ಅದರಲ್ಲೂ 30 ಎಂಎಲ್ ಗೆರೆ ಇರುತ್ತದೆ. ಬಾರಿನವರು ಇದನ್ನೇ ಸ್ಮಾಲ್ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಇಲ್ಲಿ ಅದರ ತುಂಬ ಇರುವುದು ನೀರು, ಮತ್ತು ಅದನ್ನು ಮುಗಿಸಲು ಹದಿನೈದು ನಿಮಿಷ ಬೇಕು.

ಮೊದಲ ಎಚ್ಚರಿಕೆ (ದಪ್ಪ ಅಕ್ಷರದಲ್ಲಿದೆ ಎಂದುಕೊಂಡು ಓದಿ)

ನಮ್ಮ ಜನರ ತರ್ಕ ಹೀಗೆ ಓಡುತ್ತದೆ: ಬಿಯರಿನಲ್ಲಿ ಗ್ಯಾಸ್ ಇದೆ, ಗ್ಯಾಸ್ ಹೊಟ್ಟೆ ಉಬ್ಬಿಸುತ್ತದೆ, ಆದ್ದರಿಂದ ವಿಸ್ಕಿ. ಈ ಕೈಪಿಡಿ ಬರೆಯಲು ಕೂರಿಸಿದ್ದೇ ಈ ತರ್ಕ. ಬಿಯರಿಗೆ ಬದಲಿ ಹುಡುಕುವವರು ಮೊದಲು ಕೈಹಾಕುವುದು ವಿಸ್ಕಿಗೇ, ಕೈಹಾಕಬಾರದ್ದೂ ಅದಕ್ಕೇ.

ಒಳಗೆ ನಡೆಯುವುದನ್ನು ಕೇಳಿ. ಮೊದಲು ಕುಡಿದದ್ದು ಜಠರದಲ್ಲಿ ಸ್ವಲ್ಪ ಹೊತ್ತು ಕೂತು, ಅಲ್ಲಿನ ಕಿಣ್ವಕ್ಕೆ ಒಂದಿಷ್ಟು ಪಾಲು ಕೊಟ್ಟು, ಆಮೇಲೆ ನಿಧಾನಕ್ಕೆ ಕೆಳಗೆ ಇಳಿಯುತ್ತಿತ್ತು. ಈಗ ಕೂರಲು ಜಾಗವಿಲ್ಲ. ನೇರ ಕರುಳಿಗೆ, ಅಲ್ಲಿಂದ ರಕ್ತಕ್ಕೆ, ಕೆಲವೇ ನಿಮಿಷಗಳಲ್ಲಿ. ಬೈಪಾಸ್ ಆದ ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಎರಡು ಡ್ರಿಂಕ್ ಕುಡಿದರೆ ರಕ್ತದಲ್ಲಿ ನಾಲ್ಕು ಕುಡಿದಷ್ಟು ಆಲ್ಕೋಹಾಲ್ ಏರುತ್ತದೆ. ಹಳೆ ಲೆಕ್ಕದಲ್ಲಿ "ನಂಗೇನೂ ಆಗಿಲ್ಲ ಮಗಾ" ಎಂದು ಗಾಡಿ ಹತ್ತಿದರೆ ಟ್ರಾಫಿಕ್ ಪೊಲೀಸರ ಯಂತ್ರ ಹೊಸ ಲೆಕ್ಕ ತೋರಿಸುತ್ತದೆ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ. ಮೊದಲ ಸಲ ಸಿಕ್ಕಿಬಿದ್ದರೆ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇನ್ನೊಂದಿದೆ. ಆಲ್ಕೋಹಾಲ್ ರಕ್ತದ ಸಕ್ಕರೆಯನ್ನೂ ಇಳಿಸುತ್ತದೆ. ಊಟ ಅರ್ಧಕ್ಕರ್ಧ ಕಡಿಮೆಯಾದವರು ಬೆವರಿ ತೂರಾಡಿದರೆ, ಪಕ್ಕದಲ್ಲಿದ್ದವರು ಮೂಗಿಗೆ ಬಂದ ವಾಸನೆ ನಂಬಿ "ಏರಿದೆ ಬಿಡು" ಎಂದು ಮಲಗಿಸಿಬಿಡುತ್ತಾರೆ. ಹೆದರಬೇಕಾದ್ದು ಇದಕ್ಕೆ, ಗ್ಯಾಸಿಗಲ್ಲ.

ಎಷ್ಟು ದಿನ ಪೂರ್ತಿ ಬಿಡಬೇಕು? ಹೆಚ್ಚಿನ ವೈದ್ಯರು ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಎನ್ನುತ್ತಾರೆ. ಆಮೇಲೂ ಬೇಡವೆನ್ನುವವರಿದ್ದಾರೆ. ಕೈಪಿಡಿಯ ಮತ ಎರಡನೆಯವರ ಕಡೆಗೆ.

ಬಿಡಿಭಾಗಗಳು

ಬಿಯರ್ ಒಂದೇ ವಸ್ತುವಲ್ಲ. ಬಿಚ್ಚಿ ಹರಡಿದರೆ ನಾಲ್ಕು ಭಾಗ ಸಿಗುತ್ತವೆ: ತಂಪು, ಕಹಿ, ನೊರೆ, ಮತ್ತು ಎರಡು ಗಂಟೆ ಕೈಯಲ್ಲಿ ಹಿಡಿದು ಕೂರಲು ಒಂದು ಗ್ಲಾಸು. ಇಷ್ಟನ್ನೂ ಒಂದೇ ಅಂಗಡಿಯಲ್ಲಿ ಹುಡುಕಬೇಡಿ, ಬೇರೆ ಬೇರೆ ತನ್ನಿ.

ತಂಪು ಫ್ರಿಜ್ಜಿನಲ್ಲಿದೆ, ಮುಂದಕ್ಕೆ ಹೋಗೋಣ.

ಕಹಿಯೇ ಕಷ್ಟದ್ದು. ಬಿಯರಿನ ಕಹಿ ಹಾಪ್ಸ್ ಎಂಬ ಹೂವಿನದು, ಅದು ನಮ್ಮ ಸಂತೆಗಳಲ್ಲಿ ಸಿಗುವುದಿಲ್ಲ. ಬೆಳಿಗ್ಗೆ ಎದ್ದು ಅಮೃತಬಳ್ಳಿ ಕಷಾಯ ಕುಡಿಯಿರಿ ಎಂದು ಯಾರಾದರೂ ಹೇಳುತ್ತಾರೆ, ಖಂಡಿತ ಹೇಳುತ್ತಾರೆ. ಕೋವಿಡ್ ಕಾಲದಲ್ಲಿ ಅದನ್ನು ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಬರೆದರು. ಅದು ಬೇಡ. ಕರ್ನಾಟಕದಲ್ಲಿ ಹುಟ್ಟಿದವರಿಗೆ ಕಹಿ ಬೇಕೆಂದರೆ ದಾರಿ ಕಾಫಿಪುಡಿ ಡಬ್ಬಿಯ ಕಡೆಗೇ. ಫಿಲ್ಟರ್‌ಗೆ ಪುಡಿ ಹಾಕಿ, ಬಿಸಿನೀರು ಸುರಿದು, ಡಿಕಾಕ್ಷನ್ ಹನಿಹನಿಯಾಗಿ ಇಳಿಯಲು ಬಿಡಿ. ಚಿಕೋರಿ ಬೆರೆತಿದ್ದರೆ ಕಹಿ ಇನ್ನೂ ದಟ್ಟ. ಆರಿಸಿ ಫ್ರಿಜ್ಜಿನಲ್ಲಿಡಿ. ಸಂಜೆ ಉದ್ದ ಗ್ಲಾಸಿನಲ್ಲಿ ಒಂದು ಪಾಲಿಗೆ ಐದಾರು ಪಾಲು ತಣ್ಣೀರು ಬೆರೆಸಿ, ಮೇಲಿಂದ ಸುರಿಯಿರಿ. ಬಣ್ಣ ಅಪ್ಪಟ ಸ್ಟೌಟ್ ಬಿಯರಿನದು. ದೀಪ ಮಂಕಾಗಿರುವ ಪಬ್ಬಿನಲ್ಲಿ ಗೆಳೆಯರ ತಾಯಿಗೂ ಗೊತ್ತಾಗುವುದಿಲ್ಲ. ಸಕ್ಕರೆ ಹಾಕಿದರೆ ಕೆಟ್ಟಿತು. ಎರಡು ಷರತ್ತು: ಮೊದಲ ವಾರಗಳಲ್ಲಿ ಕಾಫಿಗೆ ಡಯಟಿಷಿಯನ್ ಒಪ್ಪುವುದಿಲ್ಲ, ಅವರು ಹೂಂ ಎಂದಮೇಲೆ ಮಾಡಿ, ಮತ್ತು ಕಬ್ಬಿಣದ ಮಾತ್ರೆ ನುಂಗುವ ಹೊತ್ತಿಗೆ ಕಾಫಿ, ಟೀ ಎರಡೂ ದೂರವಿರಲಿ, ಇಲ್ಲವಾದರೆ ಮಾತ್ರೆ ವ್ಯರ್ಥ.

ನೊರೆ ಬೇಕಾದವರಿಗೆ ಮಜ್ಜಿಗೆ. ಮಿಕ್ಸಿಯದ್ದಲ್ಲ, ಕಡಗೋಲಿನದು. ಹುಳಿಯಿರದ ಮೊಸರನ್ನು ಕಡೆದು ಬೆಣ್ಣೆ ತೆಗೆದು, ಮೂರರಷ್ಟು ನೀರು ಸೇರಿಸಿ. ಜಜ್ಜಿದ ಶುಂಠಿ, ಚಿಟಿಕೆ ಇಂಗು, ಉಪ್ಪು, ಕಿವುಚಿದ ಕರಿಬೇವು ಹಾಕಿ ಶೋಧಿಸಿ. ಲೋಟದ ಅಂಚಿಗೆ ಬಿಳಿ ನೊರೆ ಏರಿ ನಿಲ್ಲುತ್ತದೆ, ಸಣ್ಣ ಗುಳ್ಳೆಗಳು ಒಂದೊಂದೇ ಒಡೆಯುತ್ತವೆ. ಕಣ್ತುಂಬ ನೋಡಿ, ಆದರೆ ನೊರೆ ಅಡಗುವ ತನಕ ಕುಡಿಯಬೇಡಿ. ಗಾಳಿ ನುಂಗಲು ಅಷ್ಟು ಕಷ್ಟಪಡಬೇಕಿಲ್ಲ.

ಬಾರ್ಲಿಯನ್ನೇ ಬೇಕೆನ್ನುವ ನಿಷ್ಠಾವಂತರೂ ಇದ್ದಾರೆ. ಅವರಿಗೆ ಅಜ್ಜಿಯರು ಉರಿಮೂತ್ರಕ್ಕೆ ಕೊಡುತ್ತಿದ್ದ ಬಾರ್ಲಿ ನೀರು. ಬಿಯರ್ ಮಾಡುವವರು ಇದೇ ಕಾಳನ್ನು ಮೊಳಕೆ ಬರಿಸಿ, ಒಣಗಿಸಿ, ಹುದುಗಿಸುತ್ತಾರೆ. ಅಜ್ಜಿಗೆ ಅಷ್ಟು ಪುರುಸೊತ್ತಿರಲಿಲ್ಲ, ಕುದಿಸಿ ಸೋಸಿ ನಿಂಬೆ ಹಿಂಡಿ ಕೊಟ್ಟಳು. ನೋಡಲು ಮಬ್ಬಾಗಿ, ಮೈಕ್ರೋಬ್ರೂವರಿಯ ವೀಟ್ ಬಿಯರಿನ ಹತ್ತಿರದ ನೆಂಟನಂತೆಯೇ ಇರುತ್ತದೆ. ರುಚಿಯ ಬಗ್ಗೆ ಕೈಪಿಡಿ ಏನೂ ಹೇಳಬಯಸುವುದಿಲ್ಲ. ವೈನ್ ಕಡೆ ಮನಸ್ಸು ಹರಿಯುವವರಿಗೆ ಕರಾವಳಿಯ ಪುನರ್ಪುಳಿ ಇದೆ, ಸಿಪ್ಪೆ ನೆನೆಸಿ ಜೀರಿಗೆ, ಉಪ್ಪು ಹಾಕಿದ್ದು. ಕೆಂಪು ಬಣ್ಣಕ್ಕೆ ಏನೂ ಕಡಿಮೆಯಿಲ್ಲ. ಬೆಲ್ಲ ಸುರಿದ ಶರಬತ್ತು ಬೇಡ.

ನಕಲಿ ಬಿಡಿಭಾಗಗಳ ಬಗ್ಗೆ

ಮಾರುಕಟ್ಟೆಯಲ್ಲಿ ಸೊನ್ನೆ ಆಲ್ಕೋಹಾಲಿನ ಬಿಯರುಗಳು ಬಂದಿವೆ. ಬಾಟಲಿ ಹಸಿರು, ಲೇಬಲ್ ಥಳಥಳ. ಆಲ್ಕೋಹಾಲ್ ಹೋಗಿದೆ, ನಿಜ. ಗ್ಯಾಸ್ ಹೋಗಿಲ್ಲ, ಸಕ್ಕರೆಯೂ ಇದೆ. ಫ್ರೂಟ್ ಬಿಯರ್, ಗೋಲಿ ಸೋಡಾ, ಕಬ್ಬಿನ ಹಾಲು, ರಾಮನವಮಿಯ ಪಾನಕ ಇವುಗಳದ್ದೂ ಗ್ಯಾಸು, ಸಕ್ಕರೆ ಎರಡರಲ್ಲಿ ಒಂದಾದರೂ ಕೇಸು. ಸಕ್ಕರೆ ನೀರು ಕರುಳಿಗೆ ಧುಮ್ಮಿಕ್ಕಿದರೆ, ಅದರಲ್ಲೂ ಬೈಪಾಸ್ ಮಾದರಿಯಲ್ಲಿ, ಡಂಪಿಂಗ್ ಶುರುವಾಗುತ್ತದೆ: ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು, ಆಮೇಲೆ ಬಾತ್‌ರೂಮಿನ ಕಡೆ ಓಟ. ಪಾನಕಕ್ಕೆ ಸಾಲಿನಲ್ಲಿ ನಿಂತು ಕುಡಿದು, ದೇವಸ್ಥಾನದ ಬಾಗಿಲಲ್ಲೇ ಕುಸಿದರೆ ಭಕ್ತಿಯೆಂದು ತಿಳಿಯುವವರಿದ್ದಾರೆ.

ಚಮಚದಲ್ಲಿ ಕಲಕಿ ಗ್ಯಾಸ್ ಹೋಗಲಾಡಿಸಿದ ಬಿಯರ್ ಎಂಬ ಜಾಣತನವೂ ಉಂಟು. ಚಮಚಕ್ಕೆ ಆಲ್ಕೋಹಾಲ್ ತೆಗೆಯಲು ಬರುವುದಿಲ್ಲ. ಎಳನೀರು ಪರವಾಗಿಲ್ಲ, ಆದರೆ ಒಂದು ಕಾಯಿ ಒಂದೇ ಉಸಿರಿಗೆ ಎತ್ತುವ ಕಾಲ ಮುಗಿಯಿತು. ಸ್ಟ್ರಾ ಬೇಡ, ನೀರಿಗಿಂತ ಮೊದಲು ಗಾಳಿ ಒಳಗೆ ಹೋಗುತ್ತದೆ.

ಮೇಜಿನ ಬಳಿ ಬಳಕೆ

ಇಲ್ಲಿ ಉಪಕರಣದ ಮೇಲೆ ನಿಜವಾದ ಒತ್ತಡ ಬೀಳುತ್ತದೆ. ಹೊಟ್ಟೆ ಎಂದೋ ಒಪ್ಪಿಕೊಂಡಿದೆ, ಒಪ್ಪದವರು ಎದುರಿಗೆ ಕೂತವರು. ಕಿಂಗ್‌ಫಿಷರ್ ಬಿಯರ್ ತಯಾರಿಸುವ ಕಂಪನಿ 1915ರಲ್ಲೇ ಹುಟ್ಟಿದ ದೇಶ, ಅದರ ಮುಖ್ಯ ಕಚೇರಿಯೇ ಇರುವ ಬೆಂಗಳೂರು, ಬೀದಿಗೊಂದು ಮೈಕ್ರೋಬ್ರೂವರಿ. ಇಂಥ ಊರಿನಲ್ಲಿ ಬೇಡವೆಂದವನನ್ನು ಸುಮ್ಮನೆ ಬಿಡುತ್ತಾರೆಯೇ. "ಒಂದೇ ಒಂದು ಸಿಪ್ ಗುರು, ದೇವರಾಣೆ ಏನೂ ಆಗಲ್ಲ." ದೇವರಾಣೆ ಹಾಕುವವನು ಆಪರೇಷನ್ ಮಾಡಿದ ಡಾಕ್ಟರಲ್ಲ ಎಂಬುದನ್ನು ನೆನಪಿಡಿ.

ಗ್ಲಾಸು ಖಾಲಿ ಕಂಡರೆ ತುಂಬುವುದು ಪಬ್ಬಿನ ಧರ್ಮ. ಆದ್ದರಿಂದ ನಿಮ್ಮ ಗ್ಲಾಸು ಎಂದೂ ಖಾಲಿ ಇರಬಾರದು, ಎಂದೂ ಪೂರ್ತಿ ತುಂಬಿಯೂ ಇರಬಾರದು. ಹೇಗೂ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ಗುಟುಕು ಗುಟುಕಾಗಿ ಇಳಿಸಬೇಕಾದವರು ನೀವು. ಪಬ್ಬಿನ ಎರಡು ಗಂಟೆ ಅದಕ್ಕೆ ಒಳ್ಳೆಯ ಜಾಗ. ಹಾಗೆ ನೋಡಿದರೆ ಮೇಜಿನಲ್ಲಿ ಶಿಸ್ತಾಗಿ ಕುಡಿಯುವವರು ನೀವೊಬ್ಬರೇ.

ಸೈಡ್ಸ್ ವಿಚಾರ ಸ್ವಲ್ಪ ಕ್ರೂರ. ಕುಡಿಯುವುದು, ತಿನ್ನುವುದು ಒಟ್ಟಿಗೆ ಇಲ್ಲ. ತಿಂದ ಮೇಲೆ ಅರ್ಧ ಗಂಟೆ ಬಿಡಬೇಕು. ಎಂದರೆ ಕಾಂಗ್ರೆಸ್ ಕಡಲೆಬೀಜದ ತಟ್ಟೆ ಬಂದಾಗ ಗ್ಲಾಸು ಕೆಳಗೆ, ಗ್ಲಾಸು ಎತ್ತುವಾಗ ಕಡಲೆಬೀಜ ಎದುರಿನವರ ಕಡೆಗೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ತುಂಬಿಸುವ ಜವಾಬ್ದಾರಿ ತಲೆ ಮೇಲಿರುವಾಗ ಎಗ್ ಬುರ್ಜಿಯೋ ಮೆತ್ತಗಿನ ಪನೀರೋ ಕೇಳಿ, ಎರಡು ಚಮಚ, ಚೆನ್ನಾಗಿ ಅಗಿದು. ಉಳಿದದ್ದು ಗೆಳೆಯರ ಪಾಲು, ಅವರು ಇಲ್ಲವೆನ್ನುವುದಿಲ್ಲ.

ಬಿಲ್ಲು ಬಂದಾಗ ಎಚ್ಚರ. "ಸಮವಾಗಿ ಹಾಕೋಣ" ಎಂಬ ಮಾತು ಮೂರು ಪಿಚರ್ ಮುಗಿಸಿದವರ ಬಾಯಿಂದಲೇ ಬರುತ್ತದೆ. ತಣ್ಣೀರು, ಎರಡು ಚಮಚ ಬುರ್ಜಿಗೆ ಸಾವಿರದ ಇನ್ನೂರು ರೂಪಾಯಿ ಕೊಟ್ಟು ದೊಡ್ಡವರಾಗಬೇಡಿ. ಬದಲಿಗೆ ಕಾರಿನ ಕೀ ಕೇಳಿ. ಎಲ್ಲರನ್ನೂ ಮನೆ ಮುಟ್ಟಿಸುವವನ ಪಾಲನ್ನು ಉಳಿದವರು ಹಾಕಬೇಕೆಂಬುದು ಈ ಕೈಪಿಡಿಯ ಏಕಪಕ್ಷೀಯ ತೀರ್ಮಾನ.

ದೋಷ ನಿವಾರಣೆ

ಗುಟುಕರಿಸಿದ ಕೂಡಲೇ ಎದೆ ನಡುವೆ ಒತ್ತಿದಂತಾದರೆ: ದೊಡ್ಡ ಗುಟುಕು ತೆಗೆದುಕೊಂಡಿದ್ದೀರಿ. ನಿಲ್ಲಿಸಿ. ವಾಂತಿ ಬಿಡದೆ ಆಗುತ್ತಿದ್ದರೆ ಈ ಕೈಪಿಡಿಯನ್ನು ಕೆಳಗಿಟ್ಟು ಸರ್ಜನ್‌ಗೆ ಫೋನ್ ಮಾಡಿ. ವಾಂತಿಯ ಜೊತೆ ವಿಟಮಿನ್ ಬಿ1 ಕುಸಿಯುತ್ತದೆ, ಮೇಲೆ ಆಲ್ಕೋಹಾಲ್ ಸೇರಿದರೆ ಅದು ಮೆದುಳಿಗೇ ಪೆಟ್ಟು ಕೊಡಬಲ್ಲದು. ಇದರಲ್ಲಿ ತಮಾಷೆ ಇಲ್ಲ.

ವಾರಂಟಿ ಮತ್ತು ಸೇವೆ

ಸ್ಲೀವ್ ಮಾದರಿಯಲ್ಲಿ ವಾಪಸಾತಿ ಇಲ್ಲ, ಕತ್ತರಿಸಿದ ಭಾಗ ಕತ್ತರಿಸಿದ್ದೇ. ವಾರಂಟಿ ಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದದ್ದನ್ನು ಮಾತ್ರ ದೊಡ್ಡದು ಮಾಡಿ ಹೇಳಬೇಕಾಗಿದೆ. ಅಮೆರಿಕದಲ್ಲಿ ಇಂಥ ಸರ್ಜರಿ ಮಾಡಿಸಿಕೊಂಡ ಸುಮಾರು ಎರಡು ಸಾವಿರ ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುಡಿತದ ಸಮಸ್ಯೆ ಮೊದಲ ವರ್ಷ ಹೆಚ್ಚಲಿಲ್ಲ. ಎರಡನೇ ವರ್ಷ ಶೇಕಡಾ 7.6ರಿಂದ 9.6ಕ್ಕೆ ಏರಿತು. ಅಷ್ಟು ಹೊತ್ತಿಗೆ ತೂಕ ಇಳಿದಿರುತ್ತದೆ, ಹೊಸ ಪ್ಯಾಂಟು ಬಂದಿರುತ್ತದೆ, ಯಾರೂ ವಿಚಾರಿಸುವುದಿಲ್ಲ. ಆಗ ಗ್ಲಾಸು ಒಂದರಿಂದ ಎರಡಾಗುತ್ತಿದ್ದರೆ ಮುಚ್ಚಿಡದೆ ನಿಮ್ಮ ಡಾಕ್ಟರಿಗೆ ಹೇಳಿ. ಅವರಿಗೆ ಹೇಳಲು ಸಂಕೋಚವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.