ಜಂಗಮವು ಸ್ಥಾವರವಾದುದು

ಚಾಲುಕ್ಯರ ಕೀರ್ತಿಯನ್ನು ಒಂದೇ ಹಗಲಿನಲ್ಲಿ ಕಂಡು ಕೃತಾರ್ಥರಾಗಬಯಸಿದ ಯಾತ್ರಿಕರನ್ನು ಹೊತ್ತ ಬಸ್ಸು, ಎತ್ತಿನ ಬಂಡಿಗಳ ಸೌಕರ್ಯಾರ್ಥವೇ ನಿರ್ಮಿತವಾದಂತಿರುವ ಬಾದಾಮಿಯ ಓಣಿಯೊಳಗೆ ಮುಂದೆ ಹೋಗಲಾರದೆ, ಹಿಂದೆ ಸರಿಯಲಾರದೆ ಸ್ಥಾವರವಾಗಿ ನಿಂತಿರಲು, ಯಾತ್ರೆಯ ನಾಯಕರಾದ ಇತಿಹಾಸದ ಮಾಸ್ತರರು ಚಹದಂಗಡಿಯ ಕಾಕಾನನ್ನು ಸಮೀಪಿಸಿದರು.

“ಕಾಕಾ, ಈ ವಾಹನವನ್ನು ನಿಲ್ಲಿಸಲು ಯೋಗ್ಯ ಸ್ಥಳವಾವುದು?”

“ನಿಂತೈತಲ್ರೀ ಮಾಸ್ತರ್ರ! ಹೊಂಡಾಕ ಜಾಗಾ ಕೇಳ್ರಿ.”

“ವಾಹನ ನಿಲುಗಡೆಯೆಂಬ ಫಲಕವನ್ನು ಕಂಡೆವಲ್ಲ?”

“ಹೌದ್ರಿ, ಆ ಜಾಗಾದಾಗ ಫಲಕ ಒಂದ ಹಿಡಸ್ತೈತಿ.”

“ಪಟ್ಟದಕಲ್ಲು, ಐಹೊಳೆಗಳನ್ನೂ ಸೂರ್ಯಾಸ್ತಕ್ಕೆ ಮುನ್ನವೇ ಮುಗಿಸಬೇಕಾಗಿದೆ.”

“ಮೂರನೇ ಗವಿಯೊಳಗ 578ರ ಶಾಸನ ಐತ್ರಿ. ಅದಕ್ಕೇನ ಅವಸರಿಲ್ಲ.”

“642ರಲ್ಲಿ ನರಸಿಂಹವರ್ಮನು ಗಜಾಶ್ವಸಮೇತನಾಗಿ ದಂಡೆತ್ತಿ ಬಂದ ಮೇಲೆ, ಹತ್ತು ವರ್ಷಕ್ಕೂ ಮಿಗಿಲಾಗಿ ಈ ನಗರವು ಪಲ್ಲವರ ವಶದಲ್ಲಿದ್ದಿತೆಂಬುದನ್ನು ಬಲ್ಲಿರಾ?”

“ಪಾಪ, ಆನಿ ತಿರಗಸಾಕ ಜಾಗಾ ಸಿಕ್ಕಿರಲಿಕ್ಕಿಲ್ಲ.”

ಇತಿಹಾಸವನ್ನು ಬೋಧಿಸಿದವರಿಗಿಂತ ಅದರ ನಡುವೆ ಕುಳಿತು ಚಹ ಕಾಸಿದವರಿಗೇ ಅದು ಹೆಚ್ಚು ತಿಳಿದಿರುವುದೆಂದು ನನ್ನ ಅನುಮಾನ.

“ಶಿವಯೋಗ ಮಂದಿರದ ದರ್ಶನವೂ ನಮ್ಮ ಸಂಕಲ್ಪದಲ್ಲಿದೆ,” ಎಂದರು ಮಾಸ್ತರರು ಕ್ಷೀಣಸ್ವರದಿಂದ.

“ಹಾನಗಲ್ಲ ಕುಮಾರಸ್ವಾಮಿಗಳು 1909ರಾಗ ಮಲಪ್ರಭಾ ದಂಡಿಮ್ಯಾಲ ಸಾಧಕರಿಗಂತ ಕಟ್ಟಿದ್ರಿ ಅದನ್ನ. ಅಲ್ಲಾಡದಂಗ ಕೂಡೂ ವಿದ್ಯಾ ನಿಮ್ಮ ಮಂದಿಗೆ ಬಸ್ಸಿನಾಗ ಬಂದೈತಲ್ರಿ! ಮತ್ತ ಅಲ್ಲೀತನಕ ಯಾಕ ಹೊಕ್ಕೀರಿ?”

ಅಷ್ಟರಲ್ಲಿ ಅಷ್ಟೇ ದೀರ್ಘವಾದ ಎರಡನೆಯ ಬಸ್ಸೊಂದು ಬೆನ್ನಿಗೆ ಬಂದು, ದಿಕ್ಕುಗಳು ಮೊಳಗುವಂತೆ ಹಾರ್ನು ಬಾರಿಸಿ, ತಾನೂ ನಿಂತಿತು.

“ಮಾಸ್ತರ್ರ, ಬನಶಂಕರಿ ಜಾತ್ರಿ ಮುಗಿಯೋತನಕ ಹಿಂಗ ಬರತಾವ್ರಿ. ಚಹಾ ಎಷ್ಟ ಮಾಡ್ಲಿ?”